ಹಳೆಯ ಗಾಡಿಯ ಕಣ್ಣುಮುಚ್ಚಾಲೆ: ಬಂದು ಹೋಗುವ ದೋಷವನ್ನು ಹಿಡಿಯುವುದು ಹೇಗೆ?

ಸೊಲ್ಲಾಪುರದಿಂದ ಹೈದರಾಬಾದಿಗೆ ಸಾಗುವ 65ನೆಯ ರಾಷ್ಟ್ರೀಯ ಹೆದ್ದಾರಿಯ ಮೇಲಿನ ಬೋರಾಮಣಿಯಲ್ಲಾಗಲಿ, ಅಕ್ಕಲಕೋಟ ತಾಲೂಕಿನ ಹಳ್ಳಿಗಳಲ್ಲಾಗಲಿ, ಹದಿನೈದು ಇಪ್ಪತ್ತು ವರ್ಷ ದುಡಿದ ಜೀಪು, ವ್ಯಾನುಗಳು ಇಂದಿಗೂ ಅನೇಕ ಮನೆತನಗಳಿಗೆ ಆಧಾರವಾಗಿವೆ. ಸಂತೆಗೆ, ದವಾಖಾನೆಗೆ, ಮಕ್ಕಳ ಶಾಲೆಗೆ ಅವೇ ಬೇಕು. ಇವುಗಳ ಮಾಲಕರಿಂದ ಪದೇ ಪದೇ ಕೇಳಿಬರುವ ದೂರು ಒಂದುಂಟು. ರಾತ್ರಿ ರಸ್ತೆಯಲ್ಲಿ ದೀಪ ಆರಿತು, ಕ್ಷಣದಲ್ಲಿ ತಾನೇ ಹತ್ತಿತು. ಬೆಳಿಗ್ಗೆ ಸೆಲ್ಫ್ ತಿರುಗಲಿಲ್ಲ, ಎಳೆದುಕೊಂಡು ಗ್ಯಾರೇಜಿಗೆ ಒಯ್ದರೆ ಮೊದಲ ಸಲಕ್ಕೇ ಚಾಲೂ ಆಯಿತು. ಮಿಸ್ತ್ರಿ ಅತ್ತಿತ್ತ ನೋಡಿ, ‘ಏನೂ ಆಗಿಲ್ಲ, ತೊಗೊಂಡು ಹೋಗ್ರಿ’ ಎನ್ನುತ್ತಾನೆ.

ಕಾಣದಿರುವುದು ಬೇರೆ, ಇಲ್ಲದಿರುವುದು ಬೇರೆ. ತಾರೀಖಿನ ದಿನ ಹಾಜರಾಗದ ಸಾಕ್ಷಿದಾರನು ಇಲ್ಲವೇ ಇಲ್ಲವೆಂದು ಯಾವ ನ್ಯಾಯಾಲಯವೂ ತೀರ್ಮಾನಿಸುವುದಿಲ್ಲ. ಸಮನ್ಸು ಕಳಿಸಿ ಕರೆಸುತ್ತದೆ. ಬಂದು ಹೋಗುವ ವಿದ್ಯುತ್ ದೋಷವನ್ನೂ ಹೀಗೆಯೇ ಕರೆಸಬೇಕಾಗುತ್ತದೆ. ಅದನ್ನು ಕರೆಸುವ ವಿಧಾನವನ್ನು ಪ್ರತಿಯೊಂದು ಮನೆಯವರೂ ಅರಿತಿರುವುದು ಅವಶ್ಯ. ಏಕೆಂದರೆ ಇದು ಕೇವಲ ಯಂತ್ರದ ಮಾತಲ್ಲ; ಜೀವದ ಮಾತು, ಮುಂದೆ ಹೇಳುವಂತೆ ಕಾಯದೆಯ ಮಾತೂ ಹೌದು.

ಹಳೆಯ ವಾಹನದಲ್ಲಿ ಇಂಥ ದೋಷವು ಬಹುಮಟ್ಟಿಗೆ ಬ್ಯಾಟರಿ, ಸ್ಟಾರ್ಟರ್, ಬಲ್ಬುಗಳ ಒಳಗೆ ಇರುವುದಿಲ್ಲ. ಅವುಗಳನ್ನು ಕೂಡಿಸುವ ಸಂದುಗಳಲ್ಲಿ ಇರುತ್ತದೆ. ಬ್ಯಾಟರಿಯ ಕೊಂಡಿ ಸಡಿಲಾಗುತ್ತದೆ, ಮಳೆನೀರು ಹೊಕ್ಕಲ್ಲಿ ತಾಮ್ರಕ್ಕೆ ಹಸಿರು ಕಿಲುಬು ಹಿಡಿಯುತ್ತದೆ, ಇಲಿ ಕಡಿದ ತಂತಿಯ ಹೊದಿಕೆ ಹರಿಯುತ್ತದೆ, ಫ್ಯೂಜಿನ ಹಿಡಿಕೆ ಕಾವಿಗೆ ಸಡಿಲಾಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಮರೆತುಹೋಗುವುದು ಅರ್ಥಿಂಗು. ವಾಹನದಲ್ಲಿ ವಿದ್ಯುತ್ತು ತಂತಿಯ ಮೂಲಕ ದೀಪದವರೆಗೆ ಹೋಗುತ್ತದೆ. ಮರಳಿ ಬರುವುದು ಗಾಡಿಯ ಲೋಹದ ಮೈಯಿಂದ. ಆ ಮೈಗೆ ತಂತಿಯನ್ನು ಬಿಗಿದ ಬೋಲ್ಟಿನ ಕೆಳಗೆ ತುಕ್ಕು ಸೇರಿದರೆ ಮರಳುವ ದಾರಿಯೇ ಇಕ್ಕಟ್ಟಾಗುತ್ತದೆ. ಬ್ರೇಕು ತುಳಿದಾಗ ಹಿಂಬದಿಯ ಇಂಡಿಕೇಟರು ಮಂದವಾಗಿ ಮಿನುಗತೊಡಗಿದರೆ ಮೊದಲು ಸಂಶಯಿಸಬೇಕಾದುದು ಈ ಅರ್ಥಿಂಗನ್ನೇ.

ಇದರ ಗಣಿತ ನಮ್ಮ ಮಕ್ಕಳ ಪ್ರೌಢಶಾಲೆಯ ವಿಜ್ಞಾನ ಪುಸ್ತಕದಲ್ಲಿಯೇ ಇದೆ. ಜರ್ಮನಿಯ ಶಾಲಾ ಶಿಕ್ಷಕನಾಗಿದ್ದ ಜಾರ್ಜ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮದಂತೆ, ಪ್ರವಾಹವನ್ನು ರೋಧದಿಂದ ಗುಣಿಸಿದರೆ ಅಲ್ಲಿ ನಷ್ಟವಾಗುವ ವೋಲ್ಟ್ ದೊರೆಯುತ್ತದೆ. ಒಂದು ಕೆಟ್ಟ ಸಂದಿನ ರೋಧ ಕೇವಲ 0.1 ಓಮ್ ಎಂದುಕೊಳ್ಳಿರಿ. ಮುಂದಿನ ಒಂದು ದೀಪಕ್ಕೆ ಸುಮಾರು 5 ಆಂಪಿಯರ್ ಬೇಕು. ನಷ್ಟ ಅರ್ಧ ವೋಲ್ಟ್ ಮಾತ್ರ, ದೀಪ ತುಸು ಮಂಕಾಗುತ್ತದೆ ಅಷ್ಟೆ. ಆದರೆ ಸ್ಟಾರ್ಟರಿಗೆ 150 ಆಂಪಿಯರ್ ಬೇಕೆಂದಾದರೆ ಆ ಸಂದನ್ನು ದಾಟಲಿಕ್ಕೇ 15 ವೋಲ್ಟ್ ಬೇಕಾಗುತ್ತದೆ. ಬ್ಯಾಟರಿಯಲ್ಲಿ ಇರುವುದೇ 12! ಹೀಗಾಗಿ ದೀಪ ಉರಿಯುತ್ತಿರುವಾಗಲೂ ಸೆಲ್ಫ್ ತಿರುಗುವುದಿಲ್ಲ. ಹೊಸ ಬ್ಯಾಟರಿಗೆ ಹಣ ಸುರಿದರೂ ಈ ರೋಗ ವಾಸಿಯಾಗದು.

ಆದ್ದರಿಂದ ಮೊದಲ ಕೆಲಸ ಪಾನಾ ಹಿಡಿಯುವುದಲ್ಲ, ಪೆನ್ನು ಹಿಡಿಯುವುದು. ಗಾಡಿಯಲ್ಲಿ ಒಂದು ಸಣ್ಣ ವಹಿ ಇಡಿರಿ. ದೋಷ ಕಾಣಿಸಿದ ದಿನ, ವೇಳೆ, ಇಂಜಿನ್ ಬಿಸಿಯಿತ್ತೋ ತಣ್ಣಗಿತ್ತೋ, ಮಳೆಯಿತ್ತೋ, ರಸ್ತೆ ಕುಲುಕಾಟದ್ದೋ, ಆಗ ಯಾವ ಯಾವ ದೀಪ, ಹಾರ್ನು, ವೈಪರುಗಳು ನಡೆಯುತ್ತಿದ್ದವು, ಯಾವುದು ಯಾವುದರ ಜೊತೆಗೆ ನಿಂತಿತು ಎಂಬುದನ್ನು ಬರೆಯಿರಿ. ನಾಲ್ಕಾರು ನಮೂದುಗಳಾದ ಮೇಲೆ ಒಂದು ಧೋರಣೆ ಎದ್ದು ಕಾಣುತ್ತದೆ. ಕುಲುಕಿದಾಗ ಮಾತ್ರ ಬಂದರೆ ಸಡಿಲ ಸಂದು ಅಥವಾ ಒಳಗೆ ತುಂಡಾದ ತಂತಿ. ಮಳೆಗೆ ಬಂದರೆ ಹೊದಿಕೆ ಹರಿದ ಜಾಗ. ಬಿಸಿಯಾದ ಮೇಲೆ ಪೆಟ್ರೋಲ್ ಇಂಜಿನ್ ನಿಂತು, ತಣಿದ ಮೇಲೆ ಹೊರಟರೆ ಇಗ್ನಿಶನ್ ಕಾಯಿಲಿನ ಮೇಲೆ ಸಂಶಯ. ಎರಡು ಮೂರು ಸಾಧನಗಳು ಒಮ್ಮೆಗೇ ನಿಂತರೆ, ಅವು ಸೇರುವ ಒಂದೇ ಫ್ಯೂಜನ್ನೋ ಅರ್ಥಿಂಗನ್ನೋ ನೋಡಬೇಕು.

ಎರಡನೆಯ ಕೆಲಸ ಭಾರ ಹೊರಿಸಿ ಪರೀಕ್ಷಿಸುವುದು. ನೂರು ಎಳೆಗಳ ತಂತಿಯಲ್ಲಿ ತೊಂಬತ್ತೊಂಬತ್ತು ತುಂಡಾಗಿದ್ದರೂ, ದೀಪ ಹಚ್ಚದೆ ಮಲ್ಟಿಮೀಟರ್ ಇಟ್ಟರೆ ಅದು 12 ವೋಲ್ಟ್ ಎಂದೇ ತೋರಿಸುತ್ತದೆ. ಪಾಟೀಸವಾಲಿಗೆ ಗುರಿಯಾಗದ ಸಾಕ್ಷಿಯ ಹೇಳಿಕೆಯಂತೆ ಅದು ಕೇಳಲಿಕ್ಕೆ ಚೆಂದ. ದೀಪ ಹಚ್ಚಿರಿ, ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಋಣ ತುದಿಗೂ ಇನ್ನೊಂದನ್ನು ದೀಪದ ಅರ್ಥಿಂಗ್ ಕೊಂಡಿಗೂ ಮುಟ್ಟಿಸಿರಿ. ಓದು 0.2 ವೋಲ್ಟಿನ ಒಳಗಿದ್ದರೆ ಚಿಂತೆಯಿಲ್ಲ. ಅರ್ಧ ವೋಲ್ಟಿಗೆ ಏರಿದರೆ ಆ ದಾರಿಯಲ್ಲಿ ಅಡ್ಡಿಯಿದೆ. ಇದೇ ಸ್ಥಿತಿಯಲ್ಲಿ ಇನ್ನೊಬ್ಬರು ವೈರಿಂಗನ್ನು ಗೇಣು ಗೇಣಾಗಿ ಮೆಲ್ಲಗೆ ಅಲುಗಿಸುತ್ತ ಬಂದರೆ, ಓದು ಜಿಗಿದ ಕಡೆಯೇ ದೋಷದ ಮನೆ. ಬ್ಯಾಟರಿಯನ್ನೂ ಅಳೆಯಬೇಕು: ಕೆಲವು ತಾಸು ವಿಶ್ರಾಂತಿ ಪಡೆದ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಇಂಜಿನ್ ನಡೆಯುವಾಗ ಸಾಮಾನ್ಯವಾಗಿ 13.8ರಿಂದ 14.4.

ಮೂರನೆಯದು, ಒಮ್ಮೆಗೆ ಒಂದನ್ನೇ ಬದಲಿಸುವುದು. ಬ್ಯಾಟರಿ, ರಿಲೇ, ಸ್ವಿಚ್ಚುಗಳನ್ನು ಒಂದೇ ದಿನ ಬದಲಿಸಿದರೆ, ದೋಷ ಹೋದರೂ ಯಾವುದರಿಂದ ಹೋಯಿತೆಂದು ತಿಳಿಯದು. ಸಂದುಗಳನ್ನು ಬಿಚ್ಚುವ ಮುನ್ನ ಬ್ಯಾಟರಿಯ ಋಣ ತುದಿಯನ್ನು ಮೊದಲು ಕಳಚಿ, ಕೊನೆಗೆ ಜೋಡಿಸಬೇಕು. ಕೈಯ ಉಂಗುರ ತೆಗೆದಿಡಬೇಕು. ಇನ್ನು ಫ್ಯೂಜು ಪದೇ ಪದೇ ಸುಡುತ್ತದೆಂದು 10 ಆಂಪಿಯರಿನ ಜಾಗದಲ್ಲಿ 30ರದನ್ನು ಹಾಕುವುದು, ಇಲ್ಲವೆ ತಂತಿಯನ್ನೇ ಸುತ್ತುವುದು ಸರ್ವಥಾ ಸಲ್ಲದು. ಫ್ಯೂಜು ಕಾಯುವುದು ವೈರಿಂಗನ್ನು. ಕಾವಲುಗಾರನನ್ನು ಕಟ್ಟಿಹಾಕಿದರೆ ಮುಂದೆ ಸುಡುವುದು ತಂತಿ, ಅದರ ಹಿಂದೆ ಗಾಡಿ.

ಈಗ ಕಾಯದೆಯತ್ತ ಬರೋಣ. 1988ರ ಮೋಟಾರು ವಾಹನ ಕಾಯದೆಯ 190ನೆಯ ಕಲಮು, ಅಪಾಯಕಾರಿ ದೋಷವಿರುವ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವವನನ್ನಷ್ಟೇ ಅಲ್ಲ, ಓಡಿಸಲು ಬಿಡುವವನನ್ನೂ ಶಿಕ್ಷಿಸುತ್ತದೆ. ದೋಷವು ಆತನಿಗೆ ತಿಳಿದಿರಬೇಕೆಂದೇನೂ ಇಲ್ಲ; ಸಾಮಾನ್ಯ ಎಚ್ಚರಿಕೆಯಿಂದ ತಿಳಿಯಬಹುದಾಗಿದ್ದರೂ ಸಾಕು. ಆ ದೋಷದಿಂದ ಅಪಘಾತವಾಗಿ ಯಾರಿಗಾದರೂ ಗಾಯವಾದರೆ ಮೂರು ತಿಂಗಳವರೆಗಿನ ಸೆರೆವಾಸಕ್ಕೂ ಅವಕಾಶವಿದೆ. ಪರಿಹಾರದ ದಾವೆಗಳಲ್ಲಿ ‘ಗಾಡಿ ಒಮ್ಮೆಲೆ ಕೆಟ್ಟಿತು’ ಎಂಬ ಬಚಾವು ಸುಲಭವಾಗಿ ನಿಲ್ಲದು. ಮಿನೂ ಮೆಹತಾ ವಿರುದ್ಧ ಬಾಲಕೃಷ್ಣ ನಯನ ಪ್ರಕರಣದಲ್ಲಿ 1977ರಲ್ಲಿಯೇ ಸರ್ವೋಚ್ಚ ನ್ಯಾಯಾಲಯವು, ತಕ್ಕ ಎಚ್ಚರಿಕೆ ವಹಿಸಿದರೂ ದೋಷ ಅಡಗಿಯೇ ಇತ್ತೆಂದು ಸಿದ್ಧಪಡಿಸುವ ಹೊಣೆ ಮಾಲಕನದೇ ಎಂದು ಹೇಳಿದೆ. ಎರಡು ಸಲ ತಾನೇ ಆರಿ ಹತ್ತಿದ ದೀಪವು ಅಡಗಿದ ದೋಷವಲ್ಲ. ಅದು ಮೊದಲೇ ಬಂದ ನೋಟೀಸು.

ಖಾಸಗಿ ವಾಹನದ ನೋಂದಣಿ 15 ವರ್ಷಗಳಿಗೆ ಮುಗಿದು, ತಪಾಸಣೆಯ ನಂತರ 5 ವರ್ಷಗಳಿಗೆ ನವೀಕರಣವಾಗುತ್ತದೆ. ಆರ್‌ಟಿಓ ಅಂಗಳದಲ್ಲಿ ಆ ದಿನ ದೀಪ ಹತ್ತಿದ್ದು ಆ ದಿನಕ್ಕಷ್ಟೇ ಸಾಕ್ಷಿ. ಉಳಿದ ದಿನಗಳಿಗೆ ಸಾಕ್ಷಿಯಾಗುವುದು ಮಾಲಕನ ವಹಿ: ಯಾವ ದಿನ ಏನು ಕಂಡಿತು, ಯಾರ ಬಳಿ ಒಯ್ದರು, ಏನು ದುರಸ್ತಿಯಾಯಿತು, ಪಾವತಿ ಎಲ್ಲಿದೆ. ಮಿಸ್ತ್ರಿಗೆ ದೋಷದ ದಾರಿ ತೋರಿಸುವ ಪುಟಗಳೇ ಮುಂದೆ ಮಾಲಕನ ಎಚ್ಚರಿಕೆಗೂ ಪುರಾವೆಯಾಗುತ್ತವೆ.

ಮಕ್ಕಳನ್ನು ಶಾಲೆಗೆ ಒಯ್ಯುವ ಗಾಡಿಯ ವಿಷಯದಲ್ಲಿ ಪಾಲಕರು ಇನ್ನಷ್ಟು ಜಾಗರೂಕರಾಗಬೇಕು. ಚಾಲಕನನ್ನು ಗದರಿಸುವ ಅಗತ್ಯವಿಲ್ಲ. ‘ಅಣ್ಣಾ, ಬ್ರೇಕ್ ಲೈಟು ಹತ್ತತಾವೇನ್ರಿ? ಮೊನ್ನೆ ನಿಂತಿದ್ದು ಯಾತಕ್ಕಂತ ತಿಳೀತೇನ್ರಿ?’ ಎಂದು ಕೇಳಿದರೆ ಸಾಕು. ‘ತಾನೇ ಸರಿಹೋತು’ ಎಂಬ ಉತ್ತರ ಬಂದರೆ ಅದನ್ನು ಒಪ್ಪಬೇಡಿರಿ. ಕಾರಣ ತಿಳಿಯದೆ ಹೋದ ದೋಷ ಮರಳಿ ಬರುತ್ತದೆ. ಬರುವಾಗ ಅದು ಗ್ಯಾರೇಜಿನ ಮುಂದೆಯೇ ಬರಬೇಕೆಂಬ ನಿಯಮವಿಲ್ಲ, ಲಾರಿಗಳು ಧಾವಿಸುವ ಹೆದ್ದಾರಿಯ ಕತ್ತಲೆಯಲ್ಲಿಯೂ ಬರಬಹುದು.