ಒಂದು ಜಿಲ್ಲೆ, ಮೂವರು ಎಂಪಿ: ಅರ್ಜಿ ಯಾರಿಗೆ?

ದಸರಾ ರಜೆಗೆ ನಮ್ಮ ತುಮಕೂರಿನ ಮನೆಗೆ ಮೊಮ್ಮಕ್ಕಳಿಬ್ಬರು ಬಂದಿದ್ದರು. ಗುಬ್ಬಿಯಿಂದ ಮಗಳ ಮಗಳು, ಕುಣಿಗಲ್‌ನಿಂದ ಮಗನ ಮಗ. ಊಟಕ್ಕೆ ಕೂತಾಗ ಜಗಳ ಶುರುವಾಯಿತು.

‘ನಮ್ಮ ಎಂಪಿ ಸೋಮಣ್ಣನವರು’ ಎಂದಳು ಅವಳು.

‘ಅಲ್ಲ, ಡಾಕ್ಟರ್ ಮಂಜುನಾಥ್ ಅವರು’ ಎಂದ ಇವನು. ‘ಒಂದೇ ಜಿಲ್ಲೆಗೆ ಇಬ್ಬರು ಹೇಗಿರ್ತಾರೆ? ನೀವೇ ಹೇಳಿ ತಾತ.’

‘ನೀವಿಬ್ಬರು ಹೇಳಿದ್ದೂ ಸರಿ. ಆದರೆ ಇಬ್ಬರಲ್ಲ, ಮೂವರು’ ಎಂದೆ.

ಮಕ್ಕಳೇ, ಜಿಲ್ಲೆಯ ಗಡಿಯೇ ಬೇರೆ, ಲೋಕಸಭಾ ಕ್ಷೇತ್ರದ ಗಡಿಯೇ ಬೇರೆ. ತುಮಕೂರು ಲೋಕಸಭಾ ಕ್ಷೇತ್ರದಲ್ಲಿ ತುಮಕೂರು ನಗರ, ತುಮಕೂರು ಗ್ರಾಮಾಂತರ, ಗುಬ್ಬಿ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಕೊರಟಗೆರೆ, ಮಧುಗಿರಿ ಎಂಬ ಎಂಟು ವಿಧಾನಸಭಾ ಕ್ಷೇತ್ರಗಳಿವೆ. ಇಲ್ಲಿಂದ ಗೆದ್ದವರು ವಿ. ಸೋಮಣ್ಣ. ಕುಣಿಗಲ್ ಸೇರುವುದು ಬೆಂಗಳೂರು ಗ್ರಾಮಾಂತರಕ್ಕೆ. ಅಲ್ಲಿ ಗೆದ್ದವರು ಹೃದ್ರೋಗ ತಜ್ಞ ಡಾ. ಸಿ.ಎನ್. ಮಂಜುನಾಥ್. ಶಿರಾ ಮತ್ತು ಪಾವಗಡ ಚಿತ್ರದುರ್ಗ ಕ್ಷೇತ್ರದಲ್ಲಿವೆ, ಅಲ್ಲಿಯವರು ಗೋವಿಂದ ಕಾರಜೋಳ. 2024ರ ಜೂನ್ 4ರಂದು ಫಲಿತಾಂಶ ಬಂದಾಗ ಮೂವರೂ ಲೋಕಸಭೆಗೆ ಹೊಸಬರೇ!

ನಾನು ಬ್ಯಾಂಕಿಗೆ ಸೇರಿದ ಮೊದಲ ದಿನ ಯಾವ ಲೆಡ್ಜರ್ ಎಲ್ಲಿದೆ ಎಂದು ತಿಳಿಯದೆ ಪರದಾಡಿದ್ದೆ. ಎಂಪಿಗಳಿಗೂ ಅಂಥ ಮೊದಲ ದಿನ ಇರುತ್ತದೆ. ಗೆದ್ದ ಪ್ರಮಾಣಪತ್ರ ಹಿಡಿದು ದೆಹಲಿಗೆ ಹೋಗಬೇಕು, ಗುರುತಿನ ಚೀಟಿ ಮಾಡಿಸಬೇಕು, ಸದನದ ನಿಯಮಗಳನ್ನು ಓದಬೇಕು. ಎಲ್ಲಕ್ಕಿಂತ ಮೊದಲು ಪ್ರಮಾಣವಚನ. ಈ ಲೋಕಸಭೆಯಲ್ಲಿ ಅದು 2024ರ ಜೂನ್ 24ರಂದು ಶುರುವಾಯಿತು. ಪ್ರಮಾಣ ಮಾಡದೆ ಸದನದಲ್ಲಿ ಕುಳಿತರೆ ದಿನಕ್ಕೆ 500 ರೂಪಾಯಿ ದಂಡ ಎಂದು ಸಂವಿಧಾನದ 104ನೇ ವಿಧಿಯಲ್ಲೇ ಇದೆ.

‘ಹಿಂದಿ ಬರದಿದ್ರೆ ಏನ್ಮಾಡ್ತಾರೆ?’ ಎಂದ ಮೊಮ್ಮಗ.

ಪ್ರಮಾಣವನ್ನು ಕನ್ನಡದಲ್ಲೇ ಮಾಡಬಹುದು, ಭಾಷಣವನ್ನೂ ಮಾಡಬಹುದು. 1967ರಲ್ಲಿ ಶಿವಮೊಗ್ಗದಿಂದ ಗೆದ್ದುಹೋದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಮೊದಲ ಬಾರಿಗೆ ಕನ್ನಡದಲ್ಲಿ ಮಾತನಾಡಿದರು. ಮುಂದೆ ಅವರೇ ನಮ್ಮ ಮುಖ್ಯಮಂತ್ರಿಯೂ ಆದರು.

ಅಧಿವೇಶನದ ದಿನ ಬೆಳಗ್ಗೆ 11 ಗಂಟೆಗೆ ಪ್ರಶ್ನೋತ್ತರ ಅವಧಿ. ಸದಸ್ಯರು ಪ್ರಶ್ನೆಯನ್ನು ಕನಿಷ್ಠ 15 ದಿನ ಮೊದಲೇ ಬರೆದು ಕೊಡಬೇಕು. ಸಚಿವರು ಎದ್ದು ನಿಂತು ಉತ್ತರಿಸುವ ಚುಕ್ಕೆ ಗುರುತಿನ ಪ್ರಶ್ನೆಗಳು ದಿನಕ್ಕೆ 20 ಮಾತ್ರ. ಯಾರ ಪ್ರಶ್ನೆ ಮೊದಲು ಎಂಬುದು ಚೀಟಿ ಎತ್ತಿದ ಹಾಗೆ ನಿರ್ಧಾರವಾಗುತ್ತದೆ. ಸೋಮಣ್ಣನವರು ಜೂನ್ 9ರಂದೇ ಜಲಶಕ್ತಿ ಮತ್ತು ರೈಲ್ವೆ ಖಾತೆಗಳ ರಾಜ್ಯ ಸಚಿವರಾದ್ದರಿಂದ ಅವರದು ಉತ್ತರ ಹೇಳುವ ಸಾಲು. ಮಂಜುನಾಥ್ ಅವರದು, ಕಾರಜೋಳರದು ಪ್ರಶ್ನೆ ಕೇಳುವ ಸಾಲು.

ಇನ್ನು ದುಡ್ಡಿನ ವಿಷಯ. ಪ್ರತಿ ಎಂಪಿಗೆ ಕ್ಷೇತ್ರಾಭಿವೃದ್ಧಿಗೆಂದು ವರ್ಷಕ್ಕೆ 5 ಕೋಟಿ ರೂಪಾಯಿ ಇದೆ. ಅದು ಅವರ ಕೈಗೆ ಬರುವ ಹಣವಲ್ಲ. ಶಾಲೆಯ ಕೊಠಡಿಯೋ ಕುಡಿಯುವ ನೀರಿನ ಕೆಲಸವೋ, ಶಿಫಾರಸು ಅವರದು, ಮಂಜೂರಾತಿ ಜಿಲ್ಲಾಡಳಿತದ್ದು. ತುಮಕೂರಿನ ಎಂಟು ವಿಧಾನಸಭಾ ಕ್ಷೇತ್ರಗಳಿಗೆ ಸಮನಾಗಿ ಹಂಚಿದರೆ ಒಂದೊಂದಕ್ಕೆ 62.5 ಲಕ್ಷ. ಊರೂರಿಗೆ ಭಾಗಿಸಿ ನೋಡಿ, ಎಷ್ಟು ಉಳಿಯುತ್ತದೆ ಎಂದು ನಿಮಗೇ ತಿಳಿಯುತ್ತದೆ.

ಇದೆಲ್ಲ ನನಗೆ ತಿಳಿದದ್ದು ಪೆಟ್ಟು ತಿಂದ ಮೇಲೆ. ನಲವತ್ತು ವರ್ಷದ ಹಿಂದೆ ನಮ್ಮ ಸೋದರತ್ತೆಯೊಬ್ಬರಿಗೆ ವೃದ್ಧಾಪ್ಯ ವೇತನ ಕೊಡಿಸಲು ಅರ್ಜಿ ಬರೆದೆ. ದೊಡ್ಡವರ ಕೈಗೆ ಕೊಟ್ಟರೆ ಬೇಗ ಆಗುತ್ತದೆ ಎಂದುಕೊಂಡು ಎಂಪಿಯೊಬ್ಬರ ಮನೆಗೆ ಅಲೆದೆ. ಅವರು ಅಧಿವೇಶನಕ್ಕೆ ಹೋಗಿದ್ದರು. ನಾನು ಕಾದೆ. ಎಂಟು ತಿಂಗಳಾದ ಮೇಲೆ ಊರಿನ ಶಾನುಭೋಗರ ಮಗ ‘ಇದನ್ನು ತಾಲ್ಲೂಕು ಕಚೇರಿಗೆ ಕೊಡೋದಲ್ವೇ?’ ಎಂದ. ಮರುದಿನವೇ ಹೋಗಿ ಕೊಟ್ಟೆ. ಮಂಜೂರಾತಿ ಪತ್ರ ಬಂದಾಗ ಅತ್ತೆ ಇರಲಿಲ್ಲ. ಬ್ಯಾಂಕಿನಲ್ಲಿ ಊರವರ ಫಾರಂಗಳನ್ನೆಲ್ಲ ತಿದ್ದುತ್ತಿದ್ದವನು ನಾನು. ನಮ್ಮತ್ತೆಯ ಅರ್ಜಿಯನ್ನೇ ತಪ್ಪು ಬಾಗಿಲಿಗೆ ಒಯ್ದಿದ್ದೆ.

ಊಟವಾದ ಮೇಲೆ ಇಬ್ಬರೂ ಕಾಗದ ಬರೆಯುತ್ತೇವೆ ಎಂದರು. ಮೊಮ್ಮಗಳಿಗೆ ಮನೆ ಮುಂದೆ ಬೀದಿದೀಪ ಬೇಕು. ‘ಅದು ನಿಮ್ಮ ಪಟ್ಟಣದ ಸ್ಥಳೀಯ ಸಂಸ್ಥೆಗೆ ಕಣಮ್ಮ, ದೆಹಲಿಗಲ್ಲ’ ಎಂದೆ. ಮೊಮ್ಮಗನಿಗೆ ಕುಣಿಗಲ್‌ನಲ್ಲಿ ಇನ್ನೊಂದು ರೈಲು ನಿಲ್ಲಬೇಕು. ‘ಇದು ಎಂಪಿಗೇ ಬರೆಯುವಂಥದ್ದು. ರೈಲ್ವೆ ಕೇಂದ್ರದ್ದು’ ಎಂದೆ.

‘ಹಾಗಾದ್ರೆ ನಮ್ಮ ಎಂಪಿ ಕೇಳ್ತಾರೆ, ಇವಳ ಎಂಪಿಯವರ ಖಾತೆ ಉತ್ತರ ಕೊಡಬೇಕು!’ ಎಂದು ಅವನು ಚಪ್ಪಾಳೆ ತಟ್ಟಿದ.

ಅಜ್ಜ ಅಜ್ಜಿಯರೇ, ನಿಮ್ಮ ಮೊಮ್ಮಕ್ಕಳಿಂದಲೂ ಒಂದು ಕಾಗದ ಬರೆಸಿ. ಒಂದು ಕಾಗದಕ್ಕೆ ಒಂದೇ ವಿಷಯ. ಯಾರಿಗೆ ತೊಂದರೆ, ಎಷ್ಟು ಜನಕ್ಕೆ, ಏನಾಗಬೇಕು ಎಂಬುದಿಷ್ಟೇ ಸಾಕು. ಹೆಸರು, ವಿಳಾಸ, ತಾರೀಖು ಮರೆಯಬಾರದು. ಒಂದು ಪ್ರತಿ ಮನೆಯಲ್ಲಿರಲಿ, ಕಚೇರಿಯಲ್ಲಿ ಕೊಟ್ಟರೆ ಸ್ವೀಕೃತಿ ಪಡೆಯಿರಿ.

ನಮ್ಮನೆಯ ಎರಡು ಕಾಗದವೂ ಹೋಗಿವೆ. ಉತ್ತರ ಇನ್ನೂ ಬಂದಿಲ್ಲ. ಪ್ರತಿಗಳು ನನ್ನ ಹಳೆಯ ಫೈಲಿನಲ್ಲಿ, ಅತ್ತೆಯ ಮಂಜೂರಾತಿ ಪತ್ರದ ಜೊತೆಗಿವೆ. ಮುಂದಿನ ತಿಂಗಳು ನೆನಪೋಲೆ ಬರೆಯಬೇಕೆಂದು ಮೊಮ್ಮಗ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಹೋಗಿದ್ದಾನೆ.