ಮಾತ್ರೆ ಇಳಿದಾಗ ಏಳುವ ನೋವು

ಹೇಮಾವತಿ ನದಿ ಹುಟ್ಟುವ ಜಾವಳಿಯ ಸುತ್ತಿನ ಕಾಫಿ ತೋಟಗಳಲ್ಲಿ ಮೈ ನೋಯದ ಕೆಲಸ ಕಡಿಮೆ. ಕೊಂಬೆ ಸವರುವ ಮರಗಸಿಗೆ ನೆರಳಿನ ಮರ ಹತ್ತಬೇಕು, ಮೆಣಸು ಕೊಯ್ಯಲು ಏಣಿಯ ತುದಿಯಲ್ಲಿ ನಿಲ್ಲಬೇಕು, ಕೊಯ್ಲಿನ ತಿಂಗಳಲ್ಲಿ ಹಣ್ಣಿನ ಚೀಲ ಹೊತ್ತು ಇಳಿಜಾರು ಏರಬೇಕು. ಕಾಲು ಜಾರಿ ಬಿದ್ದು ಸೊಂಟಕ್ಕೆ ಪೆಟ್ಟು ಮಾಡಿಕೊಂಡವನಿಗೆ ಡಾಕ್ಟರು ಐದು ದಿನಕ್ಕೆಂದು ಟ್ರಮಡಾಲ್ ಬರೆದುಕೊಟ್ಟರು ಎಂದುಕೊಳ್ಳಿ. ನೋವು ಇಳಿಯುತ್ತದೆ, ದಣಿವೂ ಇಳಿಯುತ್ತದೆ. ಐದು ದಿನ ಕಳೆದ ಮೇಲೂ ಹಳೇ ಚೀಟಿ ಹಿಡಿದು ಮೆಡಿಕಲ್‌ಗೆ ಹೋಗುವುದು ಅಲ್ಲಿಂದ ಶುರುವಾಗಬಹುದು.

ಟ್ರಮಡಾಲ್ ಅಫೀಮಿನ ಬಳಗದ ಔಷಧ. ಜರ್ಮನಿಯಲ್ಲಿ 1962ರಲ್ಲಿ ತಯಾರಾಯಿತು, 1977ರಲ್ಲಿ ಮಾರುಕಟ್ಟೆಗೆ ಬಂತು. ದುಡಿಮೆಗೂ ಇದಕ್ಕೂ ಇರುವ ನಂಟಿಗೆ ಕ್ಯಾಮರೂನ್ ದೇಶದಲ್ಲೊಂದು ವಿಚಿತ್ರ ಸಾಕ್ಷ್ಯವಿದೆ. ಅಲ್ಲಿನ ಒಂದು ಮರದ ಬೇರಿನಲ್ಲಿ ಟ್ರಮಡಾಲ್ ಸಹಜವಾಗಿಯೇ ಇದೆ ಎಂದು 2013ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಮರುವರ್ಷ ಜರ್ಮನಿಯ ಸಂಶೋಧಕರು ಅದೇ ಸೀಮೆಯ ಮಣ್ಣು, ನೀರು, ಬೇರುಗಳನ್ನು ಪರೀಕ್ಷಿಸಿದಾಗ ಬೇರೆಯೇ ಕಥೆ ಹೊರಬಿತ್ತು. ಬಿಸಿಲಲ್ಲಿ ದಣಿವಾಗದಿರಲಿ ಎಂದು ರೈತರು ಮಾತ್ರೆಯನ್ನು ತಾವೂ ನುಂಗಿ ದನಗಳಿಗೂ ತಿನ್ನಿಸುತ್ತಿದ್ದರು. ಅದು ಗಂಜಲದ ಜೊತೆ ನೆಲಕ್ಕಿಳಿದು, ನೆಲದಿಂದ ಬೇರು ಸೇರಿತ್ತು.

ಈ ಮಾತ್ರೆ ಮೈಯನ್ನು ಹಿಡಿಯುವುದು ಮಿದುಳಿನ ಮೂಲಕ. ಅಲ್ಲಿ ಅಫೀಮು ಹೋಗಿ ಕೂರುವ ಗ್ರಾಹಕಗಳಿವೆ ಎಂದು ಅಮೆರಿಕದ ಕ್ಯಾಂಡೇಸ್ ಪರ್ಟ್ ಮತ್ತು ಸಾಲೊಮನ್ ಸ್ನೈಡರ್ 1973ರಲ್ಲಿ ತೋರಿಸಿದರು. ಎರಡು ವರ್ಷದ ಬಳಿಕ ಸ್ಕಾಟ್ಲೆಂಡಿನಲ್ಲಿ ಎನ್ಕೆಫಲಿನ್ ಸಿಕ್ಕಿತು. ನೋವಿಗೆ ದೇಹ ತಾನೇ ತಯಾರಿಸಿಕೊಳ್ಳುವ ಮದ್ದು ಅದು. ಹೊರಗಿನಿಂದ ಮಾತ್ರೆ ದಿನವೂ ಬರತೊಡಗಿದರೆ ಗ್ರಾಹಕಗಳು ಜಡವಾಗುತ್ತವೆ, ಒಂದು ಮಾತ್ರೆಯ ಕೆಲಸಕ್ಕೆ ಎರಡು ಬೇಕಾಗುತ್ತದೆ. ಇತ್ತ ಮಿದುಳುಕಾಂಡದಲ್ಲಿ ಎಚ್ಚರವನ್ನು ಕಾಯುವ ನರಕೋಶಗಳ ಗುಂಪನ್ನು ಮಾತ್ರೆ ಅದುಮಿ ಹಿಡಿದಿರುತ್ತದೆ. ಹಳ್ಳಕ್ಕೆ ಒಡ್ಡು ಕಟ್ಟಿದರೆ ಹಿಂದೆ ನೀರು ಏರುವಂತೆ ಅಲ್ಲಿ ಒತ್ತಡ ಏರುತ್ತದೆ. ಮಾತ್ರೆ ನಿಂತ ದಿನ ಒಡ್ಡು ಒಡೆಯುತ್ತದೆ: ಮೂಗು ಸೋರುವುದು, ಆಕಳಿಕೆ, ಮೈ ಜುಮ್ಮೆನ್ನುವುದು, ಭೇದಿ, ನಿದ್ದೆಯಿಲ್ಲದ ರಾತ್ರಿ.

ಜೊತೆಗೆ ಸೊಂಟವೂ ನೋಯುತ್ತದೆ.

ಮೋಸ ಇರುವುದು ಇಲ್ಲೇ. ಪೆಟ್ಟು ಎಂದೋ ಮಾಗಿರಬಹುದು. ಆದರೆ ಮಾತ್ರೆ ಇಳಿದಾಗಿನ ನೋವು ಹಳೇ ನೋವಿನ ಜಾಗದಲ್ಲೇ ಬಂದು ಕೂರುತ್ತದೆ. ‘ನೋಡಿ, ನನಗಿನ್ನೂ ವಾಸಿಯಾಗಿಲ್ಲ’ ಎಂದು ಆತ ಹೇಳುವುದು ಸುಳ್ಳಲ್ಲ, ಅವನ ಮೈ ಅವನಿಗೆ ಹಾಗೇ ಹೇಳುತ್ತಿದೆ. ಇದನ್ನು ಕೆಟ್ಟ ಚಾಳಿ ಎಂದು ಬೈಯುವ ಮನೆಯವರಿಗೆ ಈ ಒಂದು ವಿಷಯ ಗೊತ್ತಿದ್ದರೆ ಅರ್ಧ ಜಗಳ ನಿಂತೀತು. ಇನ್ನೊಂದು ಅಪಾಯವೂ ಇದೆ. ಟ್ರಮಡಾಲ್ ಪ್ರಮಾಣ ಮೀರಿದರೆ ಫಿಟ್ಸ್ ಬರಬಹುದು. ಏಣಿಯ ಮೇಲೆ ನಿಂತವನಿಗೆ ಅದು ಬಂದರೆ ಏನಾದೀತೆಂದು ಹೇಳಬೇಕಾಗಿಲ್ಲ. ಸಾರಾಯಿ ಜೊತೆ ಸೇರಿದರೆ ಉಸಿರೇ ನಿಲ್ಲಬಹುದು.

ಕೇಂದ್ರ ಸರ್ಕಾರ 2018ರ ಏಪ್ರಿಲ್‌ನಲ್ಲಿ ಟ್ರಮಡಾಲನ್ನು ಮಾದಕವಸ್ತು ಕಾಯ್ದೆಯ ಕೆಳಗೆ ತಂದಿತು. ಆದರೆ ಅದೇ ಬಳಗದ ಟ್ಯಾಪೆಂಟಡಾಲ್ ಕಾಯ್ದೆಯ ಹೊರಗೆ ಉಳಿದಿತ್ತು. ಅದಕ್ಕೆ ಅಂಟಿಕೊಂಡು ಚಿಕಿತ್ಸೆಗೆ ಬಂದವರ ಬಗ್ಗೆ ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು 2020ರಲ್ಲಿ ವರದಿ ಮಾಡಿದರು. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಅಫೀಮು ಬಳಗದ ವಸ್ತುಗಳಿಂದ ತೊಂದರೆಗೊಳಗಾಗಿ ನೆರವು ಬೇಕಾದವರು ದೇಶದಲ್ಲಿ ಸುಮಾರು 77 ಲಕ್ಷ. ಹಾಗೆಂದು ಕ್ಯಾನ್ಸರ್‌ನಿಂದ ನರಳುವವರಿಗೆ ಅದೇ ಬಳಗದ ಮಾರ್ಫಿನ್ ಕೊಡಲು ಹೆದರಬಾರದು. ಅಲ್ಲಿ ಅದು ಬೇಕೇ ಬೇಕಾದ ಮದ್ದು.

ಚಟ ಬಿಡಿಸಲು ಕೋಣೆಯಲ್ಲಿ ಕೂಡಿಹಾಕುವುದು ತಪ್ಪು. ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸದೆ ಪ್ರಮಾಣವನ್ನು ಹಂತಹಂತವಾಗಿ ಇಳಿಸಬಹುದು. ಬೂಪ್ರೆನಾರ್ಫಿನ್ ಎಂಬ, ನಾಲಿಗೆಯ ಕೆಳಗಿಡುವ ಮಾತ್ರೆಯೂ ಇದೆ. ಅದು ಅದೇ ಗ್ರಾಹಕಗಳಿಗೆ ಬಿಗಿಯಾಗಿ ಅಂಟಿಕೊಂಡರೂ ಅವನ್ನು ಅರೆಬರೆಯಾಗಿ ಮಾತ್ರ ಎಬ್ಬಿಸುತ್ತದೆ. ಅಮಲು ಏರುವುದಿಲ್ಲ, ನಡುಕವೂ ಬರುವುದಿಲ್ಲ, ಮನುಷ್ಯ ಕೆಲಸಕ್ಕೆ ಹೋಗಬಹುದು. ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಬೇಕಾದೀತು. ಇದನ್ನು ಒಂದು ಚಟ ಬಿಟ್ಟು ಇನ್ನೊಂದು ಹಿಡಿದಂತೆ ಎನ್ನುವವರಿದ್ದಾರೆ. ಸಕ್ಕರೆ ಕಾಯಿಲೆಯವರ ಇನ್ಸುಲಿನ್ನನ್ನು ಯಾರೂ ಹಾಗೆ ಅನ್ನುವುದಿಲ್ಲ. ನೋವಿನ ಮಾತ್ರೆಯನ್ನು ಕೆಲವು ವಾರ ಬಿಟ್ಟಿದ್ದು ಮತ್ತೆ ಹಳೇ ಪ್ರಮಾಣಕ್ಕೇ ಮರಳುವುದು ಎಲ್ಲಕ್ಕಿಂತ ಅಪಾಯ. ಅಷ್ಟರಲ್ಲಿ ದೇಹದ ತಾಳಿಕೆ ಇಳಿದಿರುತ್ತದೆ.

ಪೊಲೀಸರ ಭಯದಿಂದ ಬಾಯಿ ಮುಚ್ಚಿಕೊಂಡವರೂ ಇರಬಹುದು. ತಾನಾಗಿ ಚಿಕಿತ್ಸೆಗೆ ಬಂದ ವ್ಯಸನಿಗೆ ಮೊಕದ್ದಮೆಯಿಂದ ರಕ್ಷಣೆ ಕೊಡುವ 64ಎ ಕಲಂ ಮಾದಕವಸ್ತು ಕಾಯ್ದೆಯಲ್ಲೇ ಇದೆ. ಮೂಡಿಗೆರೆ ಆಸ್ಪತ್ರೆಗೋ ಚಿಕ್ಕಮಗಳೂರಿನ ಜಿಲ್ಲಾಸ್ಪತ್ರೆಗೋ ಹೋಗುವ ಮುಂಚೆ ಗುಟ್ಟಾಗಿ ವಿಚಾರಿಸಬೇಕೆನಿಸಿದರೆ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು. ಹಗಲು ರಾತ್ರಿ ಯಾವಾಗ ಮಾಡಿದರೂ ಉತ್ತರ ಸಿಗುತ್ತದೆ, ಕಾಸು ಬೀಳುವುದಿಲ್ಲ, ಕನ್ನಡದಲ್ಲೇ ಮಾತಾಡಬಹುದು.