ಕೆರೆಯ ಏರಿ, ಅರಳಿಯ ಕಟ್ಟೆ

ಬೆಂಗಳೂರಿನಿಂದ ಉತ್ತರಾಭಿಮುಖವಾಗಿ ಹೊರಟ ಪ್ರವಾಸಿಗನಿಗೆ ಚಿಕ್ಕಬಳ್ಳಾಪುರದ ಸೀಮೆಯೆಂದರೆ ನಂದಿಬೆಟ್ಟವೊಂದೇ. ಅವನು ನಸುಕಿನಲ್ಲಿ ಏರುತ್ತಾನೆ, ಸೂರ್ಯೋದಯವನ್ನು ಕಂಡೆನೆಂದು ತೃಪ್ತನಾಗುತ್ತಾನೆ, ಬಿಸಿಲೇರುವ ಮೊದಲೇ ಇಳಿದು ಹೊರಟುಹೋಗುತ್ತಾನೆ. ಬೆಟ್ಟದ ತಪ್ಪಲಿನಲ್ಲಿಯೂ ಅದರಾಚೆಗೂ ಹರಡಿರುವ ಹಳೆಯ ಪೇಟೆಗಳ ಜನ, ಅಂದರೆ ದ್ರಾಕ್ಷಿ ಬೆಳೆಯುವವರು, ರೇಷ್ಮೆ ಬಿಚ್ಚುವವರು, ಅಂಗಡಿ ನಡೆಸುವವರು, ನಿವೃತ್ತರಾದ ಮೇಷ್ಟ್ರುಗಳು, ದಿನದ ದುಡಿಮೆ ಮುಗಿದ ಮೇಲೆ ಎಲ್ಲಿ ಕುಳಿತು ದಣಿವಾರಿಸಿಕೊಳ್ಳುತ್ತಾರೆಂದು ಕೇಳುವವರು ವಿರಳ.

ಕೇಳಿದವನಿಗೆ ಮೊದಲು ಹೊಳೆಯುವ ಸಂಗತಿಯೆಂದರೆ, ಈ ಊರುಗಳಲ್ಲಿ ವಿಶ್ರಾಂತಿಗೆಂದೇ ನಿರ್ಮಿತವಾದ ಪುರಾತನ ಸ್ಥಳ ಒಂದೂ ಇಲ್ಲವೆಂಬುದು. ನಂದಿಯ ಗಿರಿಶ್ರೇಣಿಯ ಆಸುಪಾಸಿನಲ್ಲಿ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ, ಪಾಲಾರ್, ಚಿತ್ರಾವತಿಗಳು ಉದಿಸಿದರೂ ಅವೆಲ್ಲ ಹೆರವರ ನಾಡನ್ನು ತಣಿಸಲು ಹೊರಟವುಗಳೇ. ಹುಟ್ಟಿದ ನೆಲಕ್ಕೆ ದಕ್ಕಿದ್ದು ಮಳೆಗಾಲದ ನಾಲ್ಕು ದಿನದ ಹರಿವು ಮಾತ್ರ. ಆದುದರಿಂದ ಆವತಿಯ ವಂಶದ ಪಾಳೆಯಗಾರರು 15ನೆಯ ಶತಮಾನದ ಉತ್ತರಾರ್ಧದಲ್ಲಿ ಚಿಕ್ಕಬಳ್ಳಾಪುರವನ್ನು ನೆಲೆಗೊಳಿಸಿದಂತೆಯೇ, ಇಲ್ಲಿ ಊರು ಕಟ್ಟಿದವರೆಲ್ಲರೂ ಕೋಟೆಯ ಜೊತೆಗೆ ಕೆರೆಯನ್ನೂ, ಗುಡಿಯ ಜೊತೆಗೆ ಕಲ್ಯಾಣಿಯನ್ನೂ, ಹಾದಿಯ ಮಗ್ಗುಲಿಗೆ ಅರಳಿಯ ಕಟ್ಟೆಯನ್ನೂ ಕಲ್ಪಿಸಲೇಬೇಕಾಯಿತು. ನೀರಿಗಾಗಿ, ದೇವರಿಗಾಗಿ, ನೆರಳಿಗಾಗಿ ಆದ ಆ ಕಾರ್ಯಗಳ ಮೇಲೆ ದೊರೆತ ಬಡ್ಡಿಯೇ ಊರಿನವರ ಇಂದಿನ ವಿಹಾರ.

ಚಿಕ್ಕಬಳ್ಳಾಪುರದ ಬಜಾರು ರಸ್ತೆ, ಗಂಗಮ್ಮನ ಗುಡಿ ರಸ್ತೆಗಳ ಇಕ್ಕಟ್ಟಿನಲ್ಲಿ ದಿನ ಕಳೆದವನಿಗೆ ಕಂದವಾರದ ಕೆರೆಯ ಏರಿಯೇ ಸಂಜೆಯ ಗಾಳಿ. ಬಹುಕಾಲ ಬತ್ತಿ ಬಿರಿದಿದ್ದ ಈ ಕೆರೆಗೆ ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಕೊಳಚೆನೀರನ್ನು ಶುದ್ಧೀಕರಿಸಿ ಹರಿಸುವ ಯೋಜನೆಯಿಂದ ನೀರು ಬಂದಿತು, ಹಕ್ಕಿಗಳು ಬಂದುವು, ಹಿಂದೆಯೇ ನಡಿಗೆಯವರೂ ಬಂದರು. ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಆಗಲೇಬೇಕೆಂದು ಸೀಮೆಯ ರೈತರು ಎತ್ತಿರುವ ಕೂಗು ನ್ಯಾಯವಾದುದೆಂದೇ ನನ್ನ ಎಣಿಕೆ. ಕಣ್ಣಿಗೆ ತಂಪಾದ ನೀರು ಕೊಳವೆಬಾವಿಗೆ ಇಳಿದಾಗಲೂ ತಂಪಾಗಿಯೇ ಇರಬೇಕಷ್ಟೆ. ಬೆಳಗಿನ ಹೊತ್ತು ಕಾಲಾಡಿಸುವವರಿಗೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ಕ್ರೀಡಾಂಗಣವುಂಟು. ಅವರ ಹುಟ್ಟೂರು ಮುದ್ದೇನಹಳ್ಳಿಯೂ, ಅಲ್ಲಿಯ ಅವರ ಸಮಾಧಿಯೂ ಪಟ್ಟಣಕ್ಕೆ ಸಮೀಪದಲ್ಲಿಯೇ ಇವೆ.

ಆದರೆ ಈ ಸೀಮೆಯಲ್ಲಿ ಕುಳಿತುಕೊಳ್ಳಲು ಅತ್ಯುತ್ತಮವಾದ ಸ್ಥಳ ಯಾವುದೆಂದು ಒಂದನ್ನೇ ಹೇಳೆಂದರೆ, ಬೆಟ್ಟದ ಬುಡದ ನಂದಿ ಗ್ರಾಮದ ಭೋಗನಂದೀಶ್ವರನ ಆಲಯವೆಂದು ನಾನು ಅನುಮಾನವಿಲ್ಲದೆ ಹೇಳುವೆನು. 9ನೆಯ ಶತಮಾನದ ಆರಂಭದ ಶಾಸನಗಳಲ್ಲಿಯೇ ಉಲ್ಲೇಖಿತವಾದ ಈ ದೇವಾಲಯಕ್ಕೆ ನೊಳಂಬರು, ಬಾಣರು, ಚೋಳರು, ಹೊಯ್ಸಳರು, ವಿಜಯನಗರದವರು ತಮ್ಮ ತಮ್ಮ ಕಾಲದಲ್ಲಿ ಕಲ್ಲು ಸೇರಿಸುತ್ತ ಬಂದರು. ಅರುಣಾಚಲೇಶ್ವರ, ಭೋಗನಂದೀಶ್ವರರ ಜೋಡಿ ಗುಡಿಗಳ ನಡುವೆ ಉಮಾಮಹೇಶ್ವರನ ಚಿಕ್ಕ ಗುಡಿ. ಅದರ ಮುಂದೆ ನಯವಾಗಿ ಕಡೆದ ಕಪ್ಪುಕಲ್ಲಿನ ಕಂಬಗಳ ಕಲ್ಯಾಣಮಂಟಪ. ಇದನ್ನೆಲ್ಲ ನೋಡಿ ಮುಗಿಸಿ, ಪಕ್ಕದ ಪ್ರಾಕಾರವನ್ನು ದಾಟಿ ಶೃಂಗಿತೀರ್ಥವೆಂಬ ವಿಶಾಲವಾದ ಕಲ್ಯಾಣಿಯ ಬಳಿಗೆ ಬಂದರೆ, ನಾಲ್ಕು ಕಡೆಯಿಂದಲೂ ಸಾಲುಸಾಲಾಗಿ ಇಳಿದುಬಂದ ಮೆಟ್ಟಿಲುಗಳೂ, ಸುತ್ತಲಿನ ಕಂಬಸಾಲೆಯೂ, ಮೇಲೆ ಬೆಟ್ಟದ ಬಂಡೆಯೂ ಒಟ್ಟಾಗಿ ಬಂದವನ ಮಾತನ್ನು ತಾವಾಗಿಯೇ ತಗ್ಗಿಸುತ್ತವೆ. ದಕ್ಷಿಣ ಪಿನಾಕಿನಿಯ ಮೂಲ ಇದೇ ಎಂದು ಭಕ್ತರ ನಂಬುಗೆ. ಕಂಬಸಾಲೆಯಲ್ಲಿ ಬುತ್ತಿ ಬಿಚ್ಚಿದ ಸಂಸಾರಗಳು, ಪರೀಕ್ಷೆಗೆ ಓದುವ ಹುಡುಗರು, ಮದುವೆಗೆ ಮುಂಚಿನ ಚಿತ್ರ ತೆಗೆಸಿಕೊಳ್ಳುವ ಜೋಡಿಗಳು ಎಲ್ಲರಿಗೂ ಇಲ್ಲಿ ಜಾಗವುಂಟು. ಶಿವರಾತ್ರಿಯ ರಥೋತ್ಸವದ ಕಾಲದಲ್ಲಿ ಮಾತ್ರ ಯಾರಿಗೂ ಜಾಗವಿಲ್ಲ. ಆರೋಗ್ಯ ಕೆಟ್ಟ ಗಾಂಧೀಜಿ 1927ರಲ್ಲಿ ವಿಶ್ರಾಂತಿಗೆಂದು ಇದೇ ಬೆಟ್ಟದ ಮೇಲೆ ತಂಗಿದ್ದರು, 1936ರಲ್ಲಿ ಮತ್ತೊಮ್ಮೆ ಬಂದರು. 1478 ಮೀಟರು ಎತ್ತರದ ಆ ತಂಪು ಹವೆಯ ಹಿರಿಮೆಯನ್ನು ಅಲ್ಲಗಳೆಯುವವನು ನಾನಲ್ಲ. ವಾರಾಂತ್ಯದ ವಾಹನಸಾಲಿನಲ್ಲಿ ಸಿಕ್ಕಿಕೊಂಡವನಿಗೆ ಆ ಹವೆ ದಕ್ಕುವುದಿಲ್ಲವೆಂದಷ್ಟೇ ನನ್ನ ಮಾತು.

ಶಿಡ್ಲಘಟ್ಟದ ವಿಚಾರ ಬೇರೆ. ರೇಷ್ಮೆಗೂಡಿನ ಮಾರುಕಟ್ಟೆಗೆ ದೇಶದಲ್ಲೆಲ್ಲ ಹೆಸರಾದ ಈ ಊರಿನಲ್ಲಿ ಬಿಸಿನೀರಿನ ಬೋಗುಣಿಯೆದುರು ಕುಳಿತು ಗೂಡಿನಿಂದ ಎಳೆ ತೆಗೆಯುವವರಿಗೆ ಬೇಸರವನ್ನು ಕಳೆಯುವುದಕ್ಕಿಂತ ಉಗಿಯನ್ನೂ ವಾಸನೆಯನ್ನೂ ಕಳೆದುಕೊಳ್ಳುವುದೇ ವಿಶ್ರಾಂತಿ. ಗೌಡನಕೆರೆ, ಅಮ್ಮನಕೆರೆಗಳ ಕಡೆಯ ಬಯಲುಗಾಳಿಗೆ ಮೈಯೊಡ್ಡುವುದು, ಟೀ ಅಂಗಡಿಯ ಮುಂದಿನ ಬೆಂಚಿನಲ್ಲಿ ಆ ದಿನದ ಗೂಡಿನ ದರವನ್ನು ಚರ್ಚಿಸುವುದು, ಇವೇ ಇಲ್ಲಿಯ ಮನರಂಜನೆ. ಆ ಬೆಂಚಿನಲ್ಲಿ ಕನ್ನಡದಲ್ಲಿ ಆರಂಭವಾದ ಮಾತು ತೆಲುಗಿಗೆ ಹೊರಳಿ, ದಖನಿಯಲ್ಲಿ ನಗೆಯೆಬ್ಬಿಸಿ, ಪುನಃ ಕನ್ನಡಕ್ಕೆ ಬರುವ ಬಗೆಯನ್ನು ಕೇಳುತ್ತ ಕೂರುವುದು ಪರಸ್ಥಳದವನಿಗೂ ಒಂದು ವಿನೋದವೇ.

ಗೌರಿಬಿದನೂರಿನವರು ನೆಂಟರು ಬಂದರೆ ಉತ್ತರ ಪಿನಾಕಿನಿಯ ದಂಡೆಯ ವಿದುರಾಶ್ವತ್ಥಕ್ಕೆ ಕರೆದೊಯ್ಯುತ್ತಾರೆ. ಮಹಾಭಾರತದ ವಿದುರನು ನೆಟ್ಟನೆಂಬ ಪ್ರತೀತಿಯ ಮಹಾವೃಕ್ಷವು 2001ರಲ್ಲಿ ಉರುಳಿತಾದರೂ, ಹರಕೆ ಹೊತ್ತವರು ಪ್ರತಿಷ್ಠಿಸಿದ ಅಸಂಖ್ಯಾತ ನಾಗರಕಲ್ಲುಗಳು ಸ್ಥಳದ ಮಹಿಮೆಯನ್ನು ಸಾರುತ್ತಲೇ ಇವೆ. ಮಕ್ಕಳು ಆಡುವ, ಹೆಂಗಸರು ಪ್ರದಕ್ಷಿಣೆ ಬರುವ ಈ ಕ್ಷೇತ್ರದಲ್ಲಿಯೇ 1938ರ ಏಪ್ರಿಲ್ 25ರಂದು, ಧ್ವಜಸತ್ಯಾಗ್ರಹಕ್ಕೆಂದು ನೆರೆದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು; ಹಲವರು ಮಡಿದರು. ಆ ರಕ್ತಪಾತದ ಬೆನ್ನಿಗೇ ಸರ್ದಾರ್ ಪಟೇಲರಿಗೂ ದಿವಾನ್ ಮಿರ್ಜಾ ಇಸ್ಮಾಯಿಲರಿಗೂ ಒಪ್ಪಂದವಾಗಿ ಸಂಸ್ಥಾನದಲ್ಲಿ ರಾಷ್ಟ್ರಧ್ವಜ ಹಾರಿಸಲು ಎಡೆಯಾಯಿತು. ಹುತಾತ್ಮರ ಸ್ಮಾರಕದ ಮುಂದೆ ಕ್ಷಣಕಾಲ ನಿಲ್ಲದೆ ಊಟದ ಚಾಪೆ ಹಾಸುವವರನ್ನು ಕಂಡಾಗ ನನಗೆ ಕಸಿವಿಸಿಯಾಗುವುದುಂಟು. ಈ ತಾಲ್ಲೂಕಿನ ನಿಶ್ಶಬ್ದಕ್ಕೆ ವಿಜ್ಞಾನಿಗಳ ಮುದ್ರೆಯೂ ಬಿದ್ದಿದೆಯೆಂಬುದು ಬಹುಜನಕ್ಕೆ ತಿಳಿಯದು: ಭೂಮಿಯ ಅತಿಸೂಕ್ಷ್ಮ ಕಂಪನವನ್ನು ಗುರುತಿಸುವ ಕೇಂದ್ರವನ್ನು 1960ರ ದಶಕದಲ್ಲಿಯೂ, ಆಕಾಶದ ಕ್ಷೀಣವಾದ ರೇಡಿಯೋ ಅಲೆಗಳನ್ನು ಆಲಿಸುವ ದೂರದರ್ಶಕವನ್ನು 1970ರ ದಶಕದಲ್ಲಿಯೂ ಇಲ್ಲಿ ಸ್ಥಾಪಿಸಿದರು. ಅಂಥ ಉಪಕರಣಗಳಿಗೆ ಗದ್ದಲವೇ ವೈರಿ.

ವ್ಯಾಪಾರದ ಊರಾದ ಚಿಂತಾಮಣಿಗೆ ಬಿಡುವು ಕಡಿಮೆ. ಬಿಡುವಾದಾಗ ಅಲ್ಲಿಯವರು ಕೈವಾರಕ್ಕೆ ಹೋಗುತ್ತಾರೆ. ಬಳೆ ಮಾರುತ್ತಿದ್ದು ಯೋಗಿಯಾದ, ಕನ್ನಡ ತೆಲುಗುಗಳೆರಡರಲ್ಲಿಯೂ ಹಾಡಿದ ನಾರೇಯಣ ತಾತಯ್ಯನವರ ಮಠ, ಅಮರನಾರೇಯಣನ ಗುಡಿ, ಭೀಮನು ಬಕಾಸುರನನ್ನು ಕೊಂದನೆನ್ನುವ ಬೆಟ್ಟ ಎಲ್ಲವೂ ಅಲ್ಲಿ ಒಂದೆಡೆ. ಕೈಲಾಸಗಿರಿಯ ಬಂಡೆಯನ್ನು ಕೊರೆದು ಮಾಡಿದ ಗುಹಾಲಯಗಳ ತಂಪು ವೈಶಾಖದ ಮಧ್ಯಾಹ್ನದಲ್ಲಿಯೂ ಕುಗ್ಗದು. ಮುರುಗಮಲ್ಲದಲ್ಲಿ ದರ್ಗಾಕ್ಕೆ ಹೋಗುವವರಲ್ಲಿ ಹಿಂದೂಗಳೂ ಮುಸಲ್ಮಾನರೂ ಕೂಡಿಯೇ ಇರುತ್ತಾರೆ.

ಇತ್ತೀಚೆಗೆ, 2023ರ ಸಂಕ್ರಾಂತಿಯಂದು ಆವಲಗುರ್ಕಿಯಲ್ಲಿ 112 ಅಡಿ ಎತ್ತರದ ಆದಿಯೋಗಿಯ ಪ್ರತಿಮೆ ಉದ್ಘಾಟನೆಯಾದಂದಿನಿಂದ ಹೊರಗಿನವರ ದಂಡು ಇಮ್ಮಡಿಸಿದಂತೆ ಕಾಣುತ್ತದೆ. ಬರುವವರನ್ನು ಬೇಡವೆನ್ನಲಾಗದು, ಆದರೆ ಅವರ ಸಲುವಾಗಿ ಅರಳಿಯ ಬುಡಕ್ಕೆ ಸಿಮೆಂಟು ಮೆತ್ತುವ, ಕೆರೆಯ ಅಂಗಳವನ್ನು ವಾಹನ ನಿಲ್ದಾಣ ಮಾಡುವ ಉತ್ಸಾಹವನ್ನು ನಗರಸಭೆಗಳು ಬಿಡಬೇಕು. ಏರಿಯ ಮೇಲಣ ಹಾದಿಗೆ ದೀಪ, ಕುಡಿಯಲು ನೀರು, ಹೆಂಗಸರಿಗೆ ಶುಚಿಯಾದ ಶೌಚಾಲಯ, ಇಷ್ಟಾದರೆ ಸಾಕು.

ಓದುಗರು ನೋಡಬಯಸಿದರೆ ಭಾನುವಾರವನ್ನು ಬಿಟ್ಟು ವಾರದ ನಡುವೆ, ಸಾಧ್ಯವಾದರೆ ರೈಲಿನಲ್ಲಿಯೇ ಬರಲಿ. ಕಳೆದ ಶತಮಾನದ ಆದಿಯಲ್ಲಿ ಕಿರುಗೇಜಿನ ಹಳಿಯ ಮೇಲೆ ತಲೆಯೆತ್ತಿದ ನಂದಿ ಹಾಲ್ಟ್ ನಿಲ್ದಾಣದಿಂದ ಭೋಗನಂದೀಶ್ವರನ ಗುಡಿಗೆ ನಡೆದೇ ಹೋಗಬಹುದು.